ಪ್ರಾಣಿಯ ಜೀವ, ಮನುಷ್ಯನ ಜೀವ: ನಮ್ಮ ಗೇರುಗುಡ್ಡೆಗಳ ಚರಿತ್ರೆಯಿಂದ

ಕಳೆದ ತಿಂಗಳು ನಮ್ಮ ಶಾಲೆಯಲ್ಲಿ ಹತ್ತನೇ ತರಗತಿಯ ಮಕ್ಕಳಿಗೆ ಒಂದು ಚರ್ಚಾಸ್ಪರ್ಧೆ ಇಟ್ಟಿದ್ದೆವು. "ಇಂದಿನ ಸಮಾಜವು ಮನುಷ್ಯರ ಜೀವಕ್ಕಿಂತ ಪ್ರಾಣಿಗಳ ಜೀವಕ್ಕೆ ಹೆಚ್ಚು ಬೆಲೆ ಕೊಡುತ್ತಿದೆ" ಎಂಬುದು ವಿಷಯ. ಆರಿಸಿದವನು ನಾನೇ, ತೀರ್ಪುಗಾರನೂ ನಾನೇ. ಪರವಾಗಿ ಮಾತಾಡುವವರಿಗೆ ಸರಕಿಗೆ ಬರವಿರಲಿಲ್ಲ. ಮರಗೆಣಸು ಬಗೆದು ಹಾಕುವ ಕಾಡುಹಂದಿಯನ್ನು ಮುಟ್ಟುವುದು ಸುಲಭವಿರಲಿಲ್ಲ, 2022ರ ಮೇ ತಿಂಗಳಲ್ಲಿ ಕೇರಳ ಸರಕಾರ ಪಂಚಾಯತುಗಳಿಗೆ ಅಧಿಕಾರ ಕೊಟ್ಟ ಮೇಲೆ ಗುಂಡು ಹಾರಿಸುವ ದಾರಿ ಸುಲಭವಾಯಿತು ಎಂದ ಒಬ್ಬ. ಬೀದಿನಾಯಿಗಳ ವಿಷಯ ಸುಪ್ರೀಂ ಕೋರ್ಟಿನ ತನಕ ಹೋದದ್ದನ್ನು ಇನ್ನೊಬ್ಬಳು ಹೇಳಿದಳು. ವಿರುದ್ಧ ಪಕ್ಷದವರು ಕಸಾಯಿಖಾನೆ, ಸರ್ಕಸ್ಸು, ಮೂಕಪ್ರಾಣಿ ಎಂದೆಲ್ಲ ಹೇಳಿ ಚಪ್ಪಾಳೆ ಗಿಟ್ಟಿಸಿದರು. ಅರ್ಧ ಮಾತು ಎಲ್ಲಿಂದಲೋ ಇಳಿಸಿಕೊಂಡದ್ದು ಎಂದು ಗೊತ್ತಾಗುತ್ತಿತ್ತು, ಇರಲಿ.

ಎಲ್ಲ ಮುಗಿದು ಪ್ರಶ್ನೆ ಕೇಳುವ ಹೊತ್ತಿಗೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದಳು. ಸ್ಪರ್ಧೆಗೆ ಹೆಸರು ಕೊಟ್ಟವಳಲ್ಲ. "ಸರ್, ನಮ್ಮ ಅತ್ತೆಯ ಮಗಳು ಎಂಡೋಸಲ್ಫಾನ್ ಪಟ್ಟಿಯಲ್ಲಿದ್ದಾಳೆ. ಅವಳು ಇದರಲ್ಲಿ ಯಾವ ಕಡೆಗೆ ಬರುತ್ತಾಳೆ?" ಎಂದು ಕೇಳಿದಳು.

ಯಾರೂ ಉತ್ತರಿಸಲಿಲ್ಲ. ನಾನೂ ಉತ್ತರಿಸಲಿಲ್ಲ. ಬಹುಮಾನ ಹೇಳಿ, ಗಂಟೆ ಹೊಡೆಸಿ ಮಕ್ಕಳನ್ನು ಮನೆಗೆ ಬಿಟ್ಟೆ. ಆಮೇಲೆ ಅದೇ ಯೋಚನೆ. ಚರಿತ್ರೆ ಪಾಠ ಮಾಡುವವನಾಗಿ ನಮ್ಮದೇ ಜಿಲ್ಲೆಯ ಚರಿತ್ರೆಯಿಂದ ಅವಳಿಗೆ ಏನು ಹೇಳಬಹುದಿತ್ತು ಎಂದು ಕುಳಿತು ಬರೆದದ್ದು ಇದು.

ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ. ನಮ್ಮ ಕಾಸರಗೋಡು 1956ರ ತನಕ ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು. ಬ್ರಿಟಿಷರ ಕಾಲದಲ್ಲಿ ಮದ್ರಾಸು ಪ್ರಾಂತ್ಯಕ್ಕೆ ಸೇರಿತ್ತು. ಆ ಸರಕಾರ ವರ್ಷ ವರ್ಷ ಒಂದು ಲೆಕ್ಕ ತೆಗೆಯುತ್ತಿತ್ತು: ಕಾಡುಪ್ರಾಣಿ ಮತ್ತು ಹಾವುಗಳಿಂದ ಸತ್ತ ಮನುಷ್ಯರೆಷ್ಟು, ಸತ್ತ ಜಾನುವಾರುಗಳೆಷ್ಟು, ಕೊಂದ ಕಾಡುಪ್ರಾಣಿಗಳೆಷ್ಟು, ಅದಕ್ಕೆ ಕೊಟ್ಟ ಇನಾಮೆಷ್ಟು ಎಂದು. ಹುಲಿ, ಚಿರತೆ ಕೊಂದವರಿಗೆ ಹಣ ಸಿಗುತ್ತಿತ್ತು. ಕಾಡು ಕಡಿದು ಸಾಗುವಳಿ ಮಾಡಿದರೆ ಸರಕಾರಕ್ಕೆ ಕಂದಾಯ ಬರುತ್ತದಲ್ಲ, ಅದಕ್ಕೆ ಹುಲಿ ಅಡ್ಡಿ. ಅದೇ ಮದ್ರಾಸು ಸರಕಾರ 1873ರಲ್ಲಿ ಕಾಡಾನೆಗಳನ್ನು ಕೊಲ್ಲಬಾರದು ಎಂದು ಕಾನೂನು ಮಾಡಿತು, 1879ರಲ್ಲಿ ಇಡೀ ಬ್ರಿಟಿಷ್ ಇಂಡಿಯಾಕ್ಕೇ ಅಂಥದೊಂದು ಕಾನೂನು ಬಂತು. ಆನೆಯೂ ಬೆಳೆ ಹಾಳುಮಾಡುತ್ತದೆ, ಆನೆಯೂ ಮನುಷ್ಯನನ್ನು ಕೊಲ್ಲುತ್ತದೆ. ಆದರೆ ಮರ ಎಳೆಯಲು, ಸೈನ್ಯದ ಸಾಮಾನು ಹೊರಲು ಆನೆ ಬೇಕಿತ್ತು. ಹುಲಿಯ ತಲೆಗೆ ಇನಾಮು, ಆನೆಗೆ ರಕ್ಷಣೆ! ಹುಲಿಯ ಮೇಲೆ ದ್ವೇಷವಾಗಲಿ ಆನೆಯ ಮೇಲೆ ಪ್ರೀತಿಯಾಗಲಿ ಅಲ್ಲಿ ನನಗೆ ಕಾಣುವುದಿಲ್ಲ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಹುಲಿಯ ಸ್ಥಿತಿ ಬದಲಾಯಿತು ನಿಜ. ಆದರೆ ಯಾರ ಜೀವಕ್ಕೆ ಬೆಲೆ ಎಂದು ನಿರ್ಧರಿಸುವಾಗ ಮೂರನೆಯದೊಂದು ವಸ್ತು ತಕ್ಕಡಿಯ ಹತ್ತಿರ ಯಾವಾಗಲೂ ಇರುತ್ತದೆ ಎಂಬುದನ್ನು ನೆನಪಿಟ್ಟುಕೊಳ್ಳಿ. ನಮ್ಮ ಜಿಲ್ಲೆಯಲ್ಲಿ ಆ ಮೂರನೆಯ ವಸ್ತು ಗೇರುಬೀಜ.

ಗೇರು ನಮ್ಮ ಮಣ್ಣಿನದಲ್ಲ, ಪೋರ್ಚುಗೀಸರು ತಂದದ್ದು. ಆದರೆ ನಮ್ಮ ಮುರಕಲ್ಲಿನ ಗುಡ್ಡೆಗಳಲ್ಲಿ ಅದು ಹೊಂದಿಕೊಂಡಷ್ಟು ಬೇರೆ ಯಾವುದೂ ಹೊಂದಿಕೊಳ್ಳಲಿಲ್ಲ. 1960ರ ದಶಕದಲ್ಲಿ ಕೇರಳದ ಕೃಷಿ ಇಲಾಖೆ ಇಲ್ಲಿನ ಗುಡ್ಡೆಗಳಲ್ಲಿ ದೊಡ್ಡ ಪ್ರಮಾಣದಲ್ಲಿ ಗೇರು ನೆಡಿಸಿತು. 1978ರಲ್ಲಿ ಆ ತೋಪುಗಳು ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಕೈಗೆ ಬಂದವು. ಸಾವಿರಾರು ಹೆಕ್ಟೇರು. ಗೇರಿನ ಚಿಗುರು ಮತ್ತು ಹೂಗೊಂಚಲಿನ ರಸ ಹೀರುವ ಒಂದು ಕೀಟವಿದೆ. ಅದಕ್ಕೆ ಚಹಾ ಸೊಳ್ಳೆ ಎಂದು ಹೆಸರು, ಸೊಳ್ಳೆಯಲ್ಲ, ತಿಗಣೆಯ ಜಾತಿ. ಅದು ಬಂದರೆ ಹೂವು ಸುಟ್ಟ ಹಾಗೆ ಕಪ್ಪಾಗಿ ಒಣಗುತ್ತದೆ. ಆ ಕೀಟವನ್ನು ಕೊಲ್ಲಲು 1970ರ ದಶಕದ ಕೊನೆಯಿಂದ 2000ದ ತನಕ, ಇಪ್ಪತ್ತಕ್ಕೂ ಹೆಚ್ಚು ವರ್ಷ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ವರ್ಷಕ್ಕೆ ಎರಡು ಸಲ, ಮೂರು ಸಲ.

ಆ ಹೆಲಿಕಾಪ್ಟರನ್ನು ನಾನೂ ನೋಡಿದ್ದೇನೆ. 80ರ ದಶಕದ ಆರಂಭ, ನಾನು ಮೂರನೆಯಲ್ಲೋ ನಾಲ್ಕನೆಯಲ್ಲೋ ಇದ್ದೆ. ಸದ್ದು ಕೇಳಿದ ಕೂಡಲೇ ನಮ್ಮ ಮಾಸ್ಟ್ರು ಪಾಠ ನಿಲ್ಲಿಸಿ "ಹೋಗಿ ನೋಡಿ ಬನ್ನಿ" ಎಂದು ಅಂಗಳಕ್ಕೆ ಬಿಡುತ್ತಿದ್ದರು. ವಿಮಾನವನ್ನು ಹತ್ತಿರದಿಂದ ಕಂಡವರು ಯಾರಿದ್ದರು ಆಗ? ಸಾಲು ಹಿಡಿದು ನಿಂತು ಕೈಬೀಸುತ್ತಿದ್ದೆವು. ಮಂಜಿನ ಹಾಗೆ ಬಿಳಿ ಹೊಗೆ ಇಳಿಯುತ್ತಿತ್ತು, ಒಂದು ಬಗೆಯ ವಾಸನೆ. ಕಣ್ಣು ಉರಿಯುತ್ತಿತ್ತು, ಆದರೂ ಹೋಗುತ್ತಿದ್ದೆವು. ಆ ಮಾಸ್ಟ್ರನ್ನು ನಾನು ದೂರುವುದಿಲ್ಲ. ಅವರೂ ನಮ್ಮ ಜೊತೆಗೇ ನಿಂತು ನೋಡುತ್ತಿದ್ದರು.

ಎಣ್ಮಕಜೆ ಪಂಚಾಯತಿನ ಭೂಗೋಳ ನೋಡದವರಿಗೆ ಒಂದು ಮಾತು ಹೇಳಬೇಕು. ಗೇರುತೋಪು ಇರುವುದು ಗುಡ್ಡೆಯ ತಲೆಯಲ್ಲಿ. ಮನೆ, ತೋಟ, ಹಟ್ಟಿ ಇರುವುದು ಕೆಳಗೆ. ತೋಡುಗಳು ಹುಟ್ಟುವುದು ಗುಡ್ಡೆಯಲ್ಲಿ, ಹರಿದು ಬರುವುದು ಅಂಗಳದ ಬದಿಗೆ. ಕುಡಿಯುವ ನೀರು ಹಲವು ಮನೆಗಳಿಗೆ ಸುರಂಗದ್ದು. ಗುಡ್ಡೆಯ ಹೊಟ್ಟೆಗೆ ಅಡ್ಡಲಾಗಿ ಕೊರೆದ ಸುರಂಗದಿಂದ ನೀರು ತಾನಾಗಿ ಹರಿದು ಟ್ಯಾಂಕಿಗೆ ಬೀಳುತ್ತದೆ, ನಮ್ಮ ಹಿರಿಯರ ಜಾಣ್ಮೆ ಅದು. ಆಕಾಶದಿಂದ ಸಿಂಪಡಿಸುವಾಗ ಗಿಡದ ತಲೆಯಿಂದ ಎರಡು ಮೂರು ಮೀಟರಿಗಿಂತ ಮೇಲೆ ಹಾರಬಾರದು, ನೀರಿನ ಮೂಲಗಳನ್ನು ಮುಚ್ಚಬೇಕು ಎಂಬುದು ನಿಯಮ. ಏರುತಗ್ಗಿನ ಗುಡ್ಡೆಯಲ್ಲಿ ಎರಡು ಮೀಟರ್ ಎತ್ತರದಲ್ಲಿ ಹೆಲಿಕಾಪ್ಟರ್ ಹಾರಿಸುವುದು ಹೇಗೆ? ಬಾವಿಗೆ ಪ್ಲಾಸ್ಟಿಕ್ ಹೊದೆಸಬಹುದು, ತೋಡಿಗೆ ಏನು ಹೊದೆಸುವುದು? ಸುರಂಗಕ್ಕೆ ನೀರು ಇಳಿಸಿಕೊಡುವ ಗುಡ್ಡೆಯನ್ನೇ ಮುಚ್ಚಲು ಆಗುತ್ತದೆಯೇ?

ಈಗ ನಮ್ಮ ವಿಷಯಕ್ಕೆ ಬರುತ್ತೇನೆ. ಮೊತ್ತಮೊದಲ ಎಚ್ಚರಿಕೆ ಬಂದದ್ದು ಮನುಷ್ಯರಿಂದಲ್ಲ. 1979ರ ಹೊತ್ತಿಗೆ ಪಡ್ರೆ ಗ್ರಾಮದ ಕೃಷಿಕರೊಬ್ಬರ ಹಟ್ಟಿಯಲ್ಲಿ ಕರುಗಳು ಕಾಲು ತಿರುಚಿಕೊಂಡು ಹುಟ್ಟಿದವು. ಅದೇ ಊರಿನವರಾದ ಪತ್ರಕರ್ತ ಶ್ರೀ ಪಡ್ರೆಯವರು ಅದನ್ನು ನೋಡಿ, ಸಿಂಪಡಣೆಗೂ ಇದಕ್ಕೂ ಸಂಬಂಧ ಇರಬಹುದೇ ಎಂದು ಬರೆದರು. ಮುಂದೆ 'ಅಡಿಕೆ ಪತ್ರಿಕೆ'ಯ ಮೂಲಕ, ಮಳೆನೀರು ಕೊಯ್ಲಿನ ಬರಹಗಳ ಮೂಲಕ ಕನ್ನಡನಾಡಿಗೆಲ್ಲ ಪರಿಚಿತರಾದವರು ಇವರೇ. ತೋಡಿನ ಮೀನು ಮಗುಚಿ ಬೀಳುವುದು, ಜೇನು ಕಾಣೆಯಾದದ್ದು, ಕಪ್ಪೆ ಕೂಗದ ಮಳೆಗಾಲ, ಇವನ್ನೆಲ್ಲ ಊರವರು ಮಾತಾಡಿಕೊಳ್ಳುತ್ತಿದ್ದರು. ಈ ವಿಷ ಮೀನಿಗೆ ಮಹಾ ಮಾರಕವೆಂಬುದು ವಿಜ್ಞಾನಕ್ಕೂ ಗೊತ್ತಿದ್ದ ಸಂಗತಿ. 1991ರಲ್ಲಿ ಕೇಂದ್ರದ ಸಮಿತಿಯೊಂದು ಕೆರೆ, ಹೊಳೆಗಳ ಹತ್ತಿರ ಇದನ್ನು ಬಳಸಬಾರದು ಎಂದು ಶಿಫಾರಸು ಮಾಡಿತ್ತು.

ಹಾಗಾದರೆ ಮೀನಿಗೆ ಇದ್ದ ಬೆಲೆ ಮನುಷ್ಯನಿಗೆ ಇರಲಿಲ್ಲವೇ? ಚರ್ಚಾಸ್ಪರ್ಧೆಯ ಹುಡುಗ ಇದ್ದರೆ ಹಾಗೆಯೇ ವಾದಿಸುತ್ತಿದ್ದ. ಆದರೆ ಮೀನಿಗಾಗಿ ಮಾಡಿದ ಶಿಫಾರಸು ಮೀನನ್ನೂ ಉಳಿಸಲಿಲ್ಲ, ಸಿಂಪಡಣೆ ಇನ್ನೂ ಒಂಬತ್ತು ವರ್ಷ ನಡೆಯಿತು. ಕರುವಿನ ಬಗ್ಗೆ ಬರೆದದ್ದನ್ನು ಓದಿ ಯಾವ ಅಧಿಕಾರಿಯೂ ಹಟ್ಟಿಗೆ ಓಡಿ ಬರಲಿಲ್ಲ. ಕರು ಮೊದಲು ಸುದ್ದಿಯಾದದ್ದು ಅದಕ್ಕೆ ಬೆಲೆ ಹೆಚ್ಚು ಎಂದಲ್ಲ. ಕಾರಣ ಬೇರೆ ಇದೆ ಎಂದು ನನಗೆ ಅನ್ನಿಸುತ್ತದೆ. ಹಟ್ಟಿಯಲ್ಲಿ ಹುಟ್ಟಿದ ಕರುವನ್ನು ನೆರೆಕರೆಯವರು ಬಂದು ನೋಡುತ್ತಾರೆ. "ಏನಾಯಿತು ಮಾರಾಯ್ರೇ" ಎಂದು ಕೇಳುತ್ತಾರೆ. ಪೇಪರಿನವರಿಗೆ ತೋರಿಸಲು ಮನೆಯ ಯಜಮಾನನಿಗೆ ಸಂಕೋಚವಿಲ್ಲ. ಅದೇ ಮನೆಯೊಳಗೆ ತಲೆ ದೊಡ್ಡದಾಗಿ, ಕೈಕಾಲು ಸಣಕಲಾಗಿ ಹುಟ್ಟಿದ ಮಗುವನ್ನು ಹಾಗೆ ತೋರಿಸುವುದುಂಟೇ? ಅದು ದೈವದ ಮುನಿಸು, ನಾಗದೋಷ, ಹಿರಿಯರು ಮಾಡಿದ ಯಾವುದೋ ತಪ್ಪು. ಅಕ್ಕನ ಮದುವೆಗೆ ಗಂಡು ನೋಡಲು ಬರುವ ದಿನ ಆ ಮಗುವನ್ನು ಹಿಂದಿನ ಕೋಣೆಗೆ ಹಾಕಿ ಬಾಗಿಲು ಎಳೆಯುತ್ತಿದ್ದರು. ಹೀಗೆ ಬಾಗಿಲು ಎಳೆದ ಮನೆಗಳಲ್ಲಿ ಒಂದು ನನ್ನ ಬಂಧುಗಳದ್ದೇ. ಹಬ್ಬಕ್ಕೆ ಹೋದಾಗೆಲ್ಲ ಆ ಬಾಗಿಲನ್ನು ಕಂಡಿದ್ದೇನೆ, ಒಳಗೆ ಯಾರು ಎಂದು ಒಮ್ಮೆಯೂ ಕೇಳಲಿಲ್ಲ.

ಬಾಗಿಲ ಹಿಂದಿನವರನ್ನು ಎಣಿಸಲು ಹೊರಟವರು ವಾಣೀನಗರದ ವೈದ್ಯ ಡಾ. ವೈ. ಎಸ್. ಮೋಹನಕುಮಾರ್. 1982ರಿಂದ ಆ ಹಳ್ಳಿಯಲ್ಲಿ ರೋಗಿಗಳನ್ನು ನೋಡುತ್ತ ಬಂದವರು. ಒಂದೇ ತೋಡಿನ ಬದಿಯ ಮನೆಗಳಲ್ಲಿ ಕ್ಯಾನ್ಸರು, ಅಪಸ್ಮಾರ, ಮನೋರೋಗ, ಬುದ್ಧಿ ಬೆಳೆಯದ ಮಕ್ಕಳು ಇಷ್ಟೊಂದು ಯಾಕೆ ಎಂದು ಅವರಿಗೆ ಅನುಮಾನ ಬಂತು. ಮೊದಲು ಬೇರೆ ಕಾರಣಗಳನ್ನೇ ಹುಡುಕಿದರು, ಆಮೇಲೆ ಸಿಂಪಡಣೆಯತ್ತ ನೋಡಿದರು. ವೈದ್ಯಕೀಯ ಪತ್ರಿಕೆಗೆ ಬರೆದು ತಜ್ಞರು ಬಂದು ಅಧ್ಯಯನ ಮಾಡಲಿ ಎಂದು ಕೇಳಿಕೊಂಡರು. ಜಿಲ್ಲೆಯ ದಕ್ಷಿಣದ ಪೆರಿಯದಲ್ಲಿ ಕೃಷಿ ಇಲಾಖೆಯ ಸಾಮಾನ್ಯ ನೌಕರಳಾಗಿದ್ದ ಲೀಲಾಕುಮಾರಿ ಅಮ್ಮ 1998ರಲ್ಲಿ ಹೊಸದುರ್ಗದ ಮುನ್ಸಿಫ್ ಕೋರ್ಟಿಗೆ ಹೋದರು. ಸರಕಾರಿ ಸಂಬಳದವಳು ಸರಕಾರಿ ಕಾರ್ಪೊರೇಶನ್ನಿನ ಮೇಲೆ ದಾವೆ ಹೂಡುವುದೆಂದರೆ ಸಣ್ಣ ವಿಷಯವೇ? ಅದೇ ವರ್ಷ ತಡೆಯಾಜ್ಞೆ ಸಿಕ್ಕಿತು, 2000ದಲ್ಲಿ ತೀರ್ಪೂ ಅವರ ಪರವಾಗಿ ಬಂತು. ಪೆರ್ಲ, ಪಡ್ರೆ ಕಡೆಯವರು ಕ್ರಿಯಾ ಸಮಿತಿ ಕಟ್ಟಿಕೊಂಡು ಸಿಂಪಡಣೆಗೆ ಅಡ್ಡ ನಿಂತರು. ಆ ವರ್ಷದ ಕೊನೆಗೆ ಹೆಲಿಕಾಪ್ಟರ್ ನಿಂತಿತು.

ಎಣ್ಮಕಜೆಯಲ್ಲಿ ಒಂದು ಜಾಗಕ್ಕೆ ಸ್ವರ್ಗ ಎಂದು ಹೆಸರು. ಹೆಸರು ಹಳೆಯದು, ಯಾರೂ ತಮಾಷೆಗೆ ಇಟ್ಟದ್ದಲ್ಲ. ಅಂಬಿಕಾಸುತನ್ ಮಾಙಾಡ್ ಅವರು ಈ ಊರಿನ ಬಗ್ಗೆ ಮಲಯಾಳದಲ್ಲಿ 'ಎನ್ಮಕಜೆ' ಎಂಬ ಕಾದಂಬರಿ ಬರೆದಿದ್ದಾರೆ, ಅದು ಇಂಗ್ಲಿಷಿಗೆ ಹೋದಾಗ ಹೆಸರು 'ಸ್ವರ್ಗ' ಎಂದೇ ಆಯಿತು. ನಮ್ಮ ಊರಿನ ಕತೆ ಮಲಯಾಳದಲ್ಲಿ ಬಂದು ಓದುಗರನ್ನು ಪಡೆಯಿತು. ನಾವು ಕನ್ನಡದ ಮಾಸ್ಟ್ರುಗಳು ಅಷ್ಟು ದೊಡ್ಡದಾಗಿ ಏನೂ ಬರೆಯಲಿಲ್ಲ ಎಂಬುದು ನನ್ನದೊಂದು ಹಳೆಯ ಕೊರಗು.

ಮುಂದೆ ನಡೆದದ್ದು ಸಾಕ್ಷಿಯ ಹೋರಾಟ. ಕೀಟನಾಶಕ ಮನುಷ್ಯನಿಗೆ ಸುರಕ್ಷಿತವೋ ಅಲ್ಲವೋ ಎಂದು ಹೇಗೆ ನಿರ್ಧರಿಸುತ್ತಾರೆಂಬುದನ್ನು ನಮ್ಮ ಮಕ್ಕಳು ತಿಳಿಯಬೇಕು. ಇಲಿಗಳಿಗೆ ವಿಷ ಉಣಿಸುತ್ತಾರೆ. ಎಷ್ಟು ಕೊಟ್ಟರೆ ಅರ್ಧದಷ್ಟು ಇಲಿಗಳು ಸಾಯುತ್ತವೆ ಎಂಬ ಪ್ರಮಾಣ ನೋಡಿ ವಿಷದ ದರ್ಜೆ ನಿಗದಿಯಾಗುತ್ತದೆ. ಇನ್ನೊಂದು ಪರೀಕ್ಷೆಯಲ್ಲಿ ಎಷ್ಟು ಕೊಟ್ಟರೂ ಪ್ರಾಣಿಗೆ ತೊಂದರೆ ಕಾಣುವುದಿಲ್ಲ ಎಂಬ ಪ್ರಮಾಣ ಕಂಡುಹಿಡಿದು, ಸಾಮಾನ್ಯವಾಗಿ ಅದನ್ನು ನೂರರಿಂದ ಭಾಗಿಸಿ, ಮನುಷ್ಯ ದಿನಕ್ಕೆ ಇಷ್ಟು ಸೇವಿಸಿದರೆ ಅಡ್ಡಿಯಿಲ್ಲ ಎನ್ನುತ್ತಾರೆ. ಅಂದರೆ ನಮ್ಮ ಜೀವಕ್ಕೆ ಇಲಿಯ ಜೀವ ಜಾಮೀನು. ವಿಶ್ವ ಆರೋಗ್ಯ ಸಂಸ್ಥೆ ಎಂಡೋಸಲ್ಫಾನನ್ನು ಎರಡನೇ ದರ್ಜೆಯಲ್ಲಿ, ಮಧ್ಯಮ ಅಪಾಯದ ವಿಷವೆಂದು ಇಟ್ಟಿತ್ತು. ಈ ಲೆಕ್ಕದಲ್ಲಿ ತೋಡಿನ ನೀರು ಇಪ್ಪತ್ತು ವರ್ಷ ಕುಡಿದ ಬಸುರಿ ಹೆಂಗಸು ಎಲ್ಲಿ ಬರುತ್ತಾಳೆ? ನಮ್ಮ ಹಟ್ಟಿಯ ಕರು ಪ್ರಯೋಗಶಾಲೆಯ ಇಲಿಗಿಂತ ಒಳ್ಳೆಯ ಸಾಕ್ಷಿಯಾಗಿತ್ತು. ಅದೇ ತೋಡಿನ ನೀರು, ಅದೇ ಗುಡ್ಡೆಯ ಹುಲ್ಲು. ಆದರೆ ಅದರ ಸಾಕ್ಷಿ ಯಾರೂ ಬರೆದುಕೊಳ್ಳಲಿಲ್ಲ.

2001ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರದವರು ಪಡ್ರೆಯಿಂದ ನೀರು, ಮಣ್ಣು, ರಕ್ತದ ಮಾದರಿ ಕೊಂಡೊಯ್ದು ಪರೀಕ್ಷಿಸಿ, ಎಂಡೋಸಲ್ಫಾನಿನ ಅಂಶ ಬಹಳ ಹೆಚ್ಚು ಎಂದು ಪ್ರಕಟಿಸಿದರು. ಆಮೇಲೆ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಬಂತು. ಶಾಲೆಯವರಾದ ನಮಗೆ ಇದು ಮುಖ್ಯ, ಏಕೆಂದರೆ ಅವರು ಪರೀಕ್ಷೆ ಮಾಡಿದ್ದು ಶಾಲಾ ಮಕ್ಕಳನ್ನು. ಗೇರುಗುಡ್ಡೆಯ ಕೆಳಗಿನ ಊರಿನ 117 ಹುಡುಗರು, ಸಿಂಪಡಣೆ ಇಲ್ಲದ ಊರಿನ 90 ಹುಡುಗರು, ವಯಸ್ಸು ಹತ್ತರಿಂದ ಹತ್ತೊಂಬತ್ತು. ಗುಡ್ಡೆಯ ಕೆಳಗಿನ ಹುಡುಗರ ರಕ್ತದಲ್ಲಿ ವಿಷದ ಅಂಶ ಹೆಚ್ಚಿತ್ತು, ಅವರು ಪ್ರಾಯಕ್ಕೆ ಬರುವುದು ತಡವಾಗುತ್ತಿತ್ತು. ಇದು 2003ರಲ್ಲಿ ಅಂತಾರಾಷ್ಟ್ರೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದೇ ವರ್ಷ ಕೇಂದ್ರ ಸರಕಾರದ ದುಬೆ ಸಮಿತಿ, ಕಾಯಿಲೆಗಳಿಗೂ ಎಂಡೋಸಲ್ಫಾನಿಗೂ ಸಂಬಂಧ ಸಾಬೀತಾಗಿಲ್ಲ ಎಂದಿತು! ಅಧ್ಯಯನಗಳ ವಿಧಾನ ಸರಿಯಿಲ್ಲ, ಎಲ್ಲ ಕಾಯಿಲೆಯನ್ನೂ ಒಂದೇ ವಿಷದ ತಲೆಗೆ ಕಟ್ಟಿದ್ದಾರೆ ಎನ್ನುವ ಕೃಷಿವಿಜ್ಞಾನಿಗಳು ಇಂದಿಗೂ ಇದ್ದಾರೆ. ಪ್ರತಿಯೊಬ್ಬ ರೋಗಿಯ ಪ್ರತಿಯೊಂದು ಕಾಯಿಲೆಗೂ ಕಾರಣ ಇದೇ ಎಂದು ನಾನೂ ಹೇಳಲಾರೆ, ನಾನು ವೈದ್ಯನಲ್ಲ. ಆದರೆ ಸಂಶಯದ ಲಾಭ ಇಪ್ಪತ್ತು ವರ್ಷ ಯಾರಿಗೆ ಸಿಕ್ಕಿತು ನೋಡಿ. ಕರುವಿಗೂ ಸಿಗಲಿಲ್ಲ, ಮಗುವಿಗೂ ಸಿಗಲಿಲ್ಲ.

ಕೇರಳದಲ್ಲಿ 2005ಕ್ಕೆ ಬಳಕೆ ನಿಷೇಧವಾಯಿತು. ದೇಶದಲ್ಲಿ ಆಗಲಿಲ್ಲ. ಭಾರತ ಆಗ ಜಗತ್ತಿನಲ್ಲೇ ಅತಿ ಹೆಚ್ಚು ಎಂಡೋಸಲ್ಫಾನ್ ತಯಾರಿಸುವ ದೇಶ, ತಯಾರಕರಲ್ಲಿ ಕೇಂದ್ರ ಸರಕಾರದ ಕಂಪೆನಿಯೂ ಒಂದು, ಅದರ ಕಾರ್ಖಾನೆ ಕೇರಳದ ಏಲೂರಿನಲ್ಲೇ. 2011ರ ಏಪ್ರಿಲಿನಲ್ಲಿ ಜಿನೀವಾದಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ದೇಶಗಳು ಸೇರಿ ಜಾಗತಿಕ ನಿಷೇಧಕ್ಕೆ ಒಪ್ಪಿದವು, ಮೇ 13ಕ್ಕೆ ಸುಪ್ರೀಂ ಕೋರ್ಟ್ ದೇಶದಾದ್ಯಂತ ತಯಾರಿಕೆ, ಮಾರಾಟ, ಬಳಕೆಗೆ ತಡೆ ಹಾಕಿತು. ಗಡಿಯಾಚೆ ಬೆಳ್ತಂಗಡಿ ತಾಲೂಕಿನ ಕೊಕ್ಕಡ ಮೊದಲಾದ ಕಡೆ ಕರ್ನಾಟಕದ ಗೇರು ನಿಗಮದ ತೋಪುಗಳಲ್ಲೂ ಇದೇ ಕತೆ ನಡೆದಿತ್ತು. ಕರ್ನಾಟಕ ಸರಕಾರವೂ ಆ ವರ್ಷವೇ ನಿಷೇಧಿಸಿತು. ಗೇರಿಗೂ ವಿಷಕ್ಕೂ ರಾಜ್ಯದ ಗಡಿ ಇರಲಿಲ್ಲ.

ಇನ್ನು ಬೆಲೆಯ ವಿಷಯ. ಚರ್ಚಾಸ್ಪರ್ಧೆಯಲ್ಲಿ ಮಕ್ಕಳು 'ಬೆಲೆ' ಎಂಬ ಪದವನ್ನು ಬಾಯಿ ತುಂಬ ಬಳಸಿದರು, ಆದರೆ ಒಬ್ಬರೂ ಅಂಕಿ ಹೇಳಲಿಲ್ಲ. ಅಂಕಿ ಇದೆ. ರಾಷ್ಟ್ರೀಯ ಮಾನವ ಹಕ್ಕು ಆಯೋಗ 2010ರ ಡಿಸೆಂಬರ್ 31ರಂದು ಶಿಫಾರಸು ಮಾಡಿದ್ದು: ಸತ್ತವರ ಕುಟುಂಬಕ್ಕೆ ಮತ್ತು ಹಾಸಿಗೆ ಹಿಡಿದವರಿಗೆ ಐದು ಲಕ್ಷ ರೂಪಾಯಿ, ಉಳಿದ ಅಂಗವಿಕಲರಿಗೆ ಮೂರು ಲಕ್ಷ. 2017ರ ಜನವರಿ 10ರಂದು ಸುಪ್ರೀಂ ಕೋರ್ಟ್ ಮೂರು ತಿಂಗಳೊಳಗೆ ಎಲ್ಲ ಸಂತ್ರಸ್ತರಿಗೂ ಐದು ಲಕ್ಷ ಕೊಡಿ ಎಂದಿತು. ಐದು ವರ್ಷ ಕಳೆದು 2022ರ ಮೇ ತಿಂಗಳಲ್ಲಿ ಅದೇ ಕೋರ್ಟು ವಿಚಾರಿಸಿದಾಗ, 3,704 ಮಂದಿಯಲ್ಲಿ ಹಣ ಸಿಕ್ಕಿದ್ದು ಎಂಟು ಮಂದಿಗೆ. ಅವರು ನ್ಯಾಯಾಂಗ ನಿಂದನೆಯ ಅರ್ಜಿ ಹಾಕಿದ್ದಕ್ಕೆ! ಕೋರ್ಟು ಕಟುವಾಗಿ ಮಾತಾಡಿದ ಮೇಲೆ ಉಳಿದವರಿಗೆ ಹಣ ಬರತೊಡಗಿತು.

ಇದರ ಪಕ್ಕದಲ್ಲಿ ಇನ್ನೊಂದು ಅಂಕಿ ಇಟ್ಟು ನೋಡಿ. ಕೇರಳದಲ್ಲಿ ಕಾಡಾನೆ ತುಳಿದು ಸತ್ತವನ ಕುಟುಂಬಕ್ಕೆ 2024ರಲ್ಲಿ ಅರಣ್ಯ ಇಲಾಖೆ ಕೊಡುತ್ತಿದ್ದ ಪರಿಹಾರ ಹತ್ತು ಲಕ್ಷ. 2024ರ ಫೆಬ್ರವರಿ 10ರಂದು ವಯನಾಡಿನ ಮಾನಂದವಾಡಿಯ ಹತ್ತಿರ ಒಬ್ಬ ಕೃಷಿಕನನ್ನು ಆನೆ ಮನೆಯಂಗಳಕ್ಕೆ ಅಟ್ಟಿಸಿಕೊಂಡು ಬಂದು ಕೊಂದಿತು. ಕರ್ನಾಟಕದವರು ಹಿಡಿದು, ರೇಡಿಯೋ ಕಾಲರ್ ಕಟ್ಟಿ ಕಾಡಿಗೆ ಬಿಟ್ಟ ಆನೆ ಅದು. ಕೇರಳ ಸರಕಾರ ಹತ್ತು ಲಕ್ಷ ಕೊಟ್ಟಿತು, ಕರ್ನಾಟಕ ಸರಕಾರ ಹದಿನೈದು ಲಕ್ಷ ಘೋಷಿಸಿತು, ರಾಜಕೀಯ ಗಲಾಟೆಯಾಗಿ ಆ ಕುಟುಂಬ ಕರ್ನಾಟಕದ ಹಣ ಬೇಡವೆಂದಿತು. ವಾರಗಟ್ಟಲೆ ಪತ್ರಿಕೆ ಓದಿದ ನನಗೆ ಆನೆಯ ಹೆಸರು ಈಗಲೂ ನೆನಪಿದೆ, ಬೇಲೂರು ಮಖ್ನಾ. ಸತ್ತವನ ಹೆಸರು ಮೊನ್ನೆ ಹುಡುಕಿ ತೆಗೆಯಬೇಕಾಯಿತು. ಆನೆ ಕೊಂದರೆ ಹತ್ತು ಲಕ್ಷ, ಹೆಲಿಕಾಪ್ಟರ್ ಕೊಂದರೆ ಐದು ಲಕ್ಷ. ಸತ್ತವರಿಬ್ಬರೂ ಮನುಷ್ಯರೇ. ಹಟ್ಟಿಯ ಕರುವಿನ ಲೆಕ್ಕ ಯಾವ ಪಟ್ಟಿಯಲ್ಲೂ ಇಲ್ಲ.

ಆನೆಯ ಮಾತು ಬಂದಾಗ 2020 ನೆನಪಾಗದೆ ಇರುವುದಿಲ್ಲ. ಆ ಮಾರ್ಚ್ ತಿಂಗಳಲ್ಲಿ ಕೊರೋನಾ ಕಾರಣಕ್ಕೆ ಕರ್ನಾಟಕ ಗಡಿ ಮುಚ್ಚಿತು, ಕೆಲವು ರಸ್ತೆಗಳಿಗೆ ಮಣ್ಣು ಸುರಿಯಿತು. ತಲಪಾಡಿಯಿಂದ ಮಂಗಳೂರು ಆಸ್ಪತ್ರೆಗೆ ಅರ್ಧ ಗಂಟೆಯ ದಾರಿ, ಕಾಸರಗೋಡಿನವರಿಗೆ ಹುಟ್ಟಿನಿಂದ ಸಾವಿನ ತನಕ ಅದೇ ಆಸ್ಪತ್ರೆ. ಗಡಿಯಲ್ಲಿ ತಡೆದ ಕಾರಣ ಚಿಕಿತ್ಸೆ ಸಿಗದೆ ಹಲವರು ತೀರಿಕೊಂಡರು. ಏಪ್ರಿಲ್ 1ರಂದು ಕೇರಳ ಹೈಕೋರ್ಟು ಮಧ್ಯೆ ಬರಬೇಕಾಯಿತು. ಮೇ 27ಕ್ಕೆ ಪಾಲಕ್ಕಾಡು ಜಿಲ್ಲೆಯಲ್ಲಿ ಸಿಡಿಮದ್ದು ಇಟ್ಟ ಹಣ್ಣನ್ನು ಕಚ್ಚಿದ ಬಸುರಿ ಆನೆಯೊಂದು ಹೊಳೆಯಲ್ಲಿ ನಿಂತೇ ಸತ್ತಿತು. ದೇಶಕ್ಕೆ ದೇಶವೇ ಅತ್ತಿತು, ಸಿನಿಮಾ ನಟರು ಅತ್ತರು, ಮಂತ್ರಿಗಳು ಹೇಳಿಕೆ ಕೊಟ್ಟರು. ನನಗೂ ಆ ಚಿತ್ರ ನೋಡಿ ಹೊಟ್ಟೆ ಹಿಂಡಿದ್ದು ಸುಳ್ಳಲ್ಲ. ತಲಪಾಡಿಯಲ್ಲಿ ಸತ್ತವರಿಗೆ ಅಷ್ಟು ಜನ ಅಳಲಿಲ್ಲ. ಹಾಗೆಂದು ಆನೆಗೆ ಬೆಲೆ ಹೆಚ್ಚು ಎನ್ನೋಣವೇ? ಆನೆಗಾಗಿ ಅಳುವುದಕ್ಕೆ ಯಾವ ರಾಜ್ಯವನ್ನೂ ಯಾವ ಪಕ್ಷವನ್ನೂ ಪ್ರಶ್ನಿಸಬೇಕಾಗಿರಲಿಲ್ಲ, ಯಾವ ರಸ್ತೆಯ ಮಣ್ಣನ್ನೂ ತೆಗೆಯಬೇಕಾಗಿರಲಿಲ್ಲ. ಅದೇ ಕಣ್ಣೀರಿಟ್ಟವರು ಆನೆದಾರಿಗೆ ಅಡ್ಡವಾಗಿ ರೆಸಾರ್ಟ್ ಕಟ್ಟಬೇಡಿ ಎಂದಾಗ ಎಲ್ಲಿದ್ದರು? ಸತ್ತ ಆನೆಗೆ ಸಿಕ್ಕಿದ ಬೆಲೆ ಬದುಕಿರುವ ಆನೆಗಳಿಗೆ ಸಿಗುತ್ತದೆ ಎಂದು ನನಗೆ ಅನ್ನಿಸುವುದಿಲ್ಲ.

ಮತ್ತೆ ನಮ್ಮ ಗುಡ್ಡೆಗೆ. ಸಂತ್ರಸ್ತರ ಪಟ್ಟಿ ಮಾಡಲು ಸರಕಾರ 2010ರಿಂದ ವೈದ್ಯಕೀಯ ಶಿಬಿರ ನಡೆಸುತ್ತ ಬಂದಿದೆ. ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ, ಬದಿಯಡ್ಕ, ಕಾರಡ್ಕ, ಮುಳಿಯಾರಿನಿಂದ ಹಿಡಿದು ದಕ್ಷಿಣದ ಕಯ್ಯೂರು-ಚೀಮೇನಿಯ ತನಕ ಹನ್ನೊಂದು ಪಂಚಾಯತುಗಳು. ಪಟ್ಟಿಯಲ್ಲಿ ಈಗ ಆರು ಸಾವಿರದ ಏಳುನೂರಕ್ಕೂ ಮಿಕ್ಕಿ ಹೆಸರುಗಳಿವೆ. 2017ರ ಶಿಬಿರದಲ್ಲಿ ಗುರುತಿಸಿದ್ದು ಸಾವಿರದ ಒಂಬೈನೂರಕ್ಕೂ ಹೆಚ್ಚು ಮಂದಿಯನ್ನು, ಮೊದಲು ಪಟ್ಟಿಗೆ ಸೇರಿದ್ದು ಮುನ್ನೂರಕ್ಕಿಂತ ಕಡಿಮೆ. 2019ರಲ್ಲಿ ತಾಯಂದಿರು ಮಕ್ಕಳನ್ನು ಎತ್ತಿಕೊಂಡು ತಿರುವನಂತಪುರದ ಸೆಕ್ರೆಟರಿಯೇಟಿನ ಎದುರು ಕುಳಿತ ಮೇಲೆ ಇನ್ನಷ್ಟು ಮಕ್ಕಳ ಹೆಸರು ಸೇರಿತು.

ಅಂಥ ಒಂದು ಶಿಬಿರದಲ್ಲಿ ನಾನು ಒಂದು ದಿನ ದುಭಾಷಿಯಾಗಿ ನಿಂತಿದ್ದೆ. ಡಾಕ್ಟರು ತೆಂಕಣ ಜಿಲ್ಲೆಯವರು, ಮಲಯಾಳ ಬಿಟ್ಟು ಬೇರೆ ಗೊತ್ತಿಲ್ಲ. ಸಾಲಿನಲ್ಲಿದ್ದ ಅರ್ಧದಷ್ಟು ತಾಯಂದಿರಿಗೆ ತುಳುವೋ ಕನ್ನಡವೋ ಮರಾಠಿಯೋ ಬಿಟ್ಟು ಬೇರೆ ಬಾರದು. ಬೀಡಿ ಕಟ್ಟಿ ಬದುಕುವ ಒಬ್ಬ ತಾಯಿ ಇಪ್ಪತ್ತರ ಮಗನನ್ನು ಮಡಿಲಲ್ಲಿ ಇಟ್ಟುಕೊಂಡು ಕುಳಿತಿದ್ದಳು. ನೋಡಿದರೆ ಆರು ವರ್ಷದ ಹುಡುಗ. ಹುಟ್ಟಿದಾಗ ಹೇಗಿದ್ದ ಎಂದು ಡಾಕ್ಟರು ಕೇಳಿದರು, ನಾನು ಕನ್ನಡದಲ್ಲಿ ಕೇಳಿದೆ. ಅವಳು ಹೇಳಿದಳು, "ಆ ವರ್ಷ ನಮ್ಮ ದನ ಹಾಕಿದ ಕರುವೂ ಹೀಗೇ ಇತ್ತು ಮಾಸ್ಟ್ರೇ. ನಾಲ್ಕು ದಿನಕ್ಕೆ ಸತ್ತಿತು. ಇವ ಬದುಕಿದ." ಡಾಕ್ಟರು ಏನು ಹೇಳುತ್ತಿದ್ದಾಳೆ ಎಂದರು. ನಾನು ಕರುವಿನ ವಿಷಯ ಹೇಳಿದೆ. ಫಾರಮಿನಲ್ಲಿ ಅದಕ್ಕೆ ಕಾಲಂ ಇಲ್ಲ, ಮಗುವಿನದ್ದು ಮಾತ್ರ ಹೇಳಿ ಎಂದರು. ಅವರದ್ದೂ ತಪ್ಪಲ್ಲ, ಹೊರಗೆ ಇನ್ನೂ ಇನ್ನೂರು ಜನ ಸಾಲಿನಲ್ಲಿದ್ದರು.

ಈಗಲೂ ಆ ಗುಡ್ಡೆಗಳ ಕತೆ ಮುಗಿದಿಲ್ಲ. ಉಳಿದ ಎಂಡೋಸಲ್ಫಾನನ್ನು ಬೆಳ್ಳೂರು ಪಂಚಾಯತಿನಲ್ಲಿ ಗುಡ್ಡೆಯ ಮೇಲಿನ ಪಾಳುಬಾವಿಗೆ ಹಾಕಿ ಹೂತಿದ್ದಾರೆಂಬ ದೂರು ಹಸಿರು ನ್ಯಾಯಮಂಡಳಿಗೆ ಹೋಯಿತು, 2023ರ ಡಿಸೆಂಬರಿನಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯವರು ಬಂದು ಅಲ್ಲಿಂದ ಮಣ್ಣು, ನೀರಿನ ಮಾದರಿ ಕೊಂಡುಹೋದರು. ಕೆಳಗೆ ಮನೆಗಳಿವೆ, ಹಟ್ಟಿಗಳಿವೆ, ಒಂದಿಷ್ಟು ಆಚೆ ಕರ್ನಾಟಕದ ಗಡಿ.

ಇಷ್ಟನ್ನು ಆ ಹುಡುಗಿಗೆ ಹೇಳಬೇಕೆಂದು ಎರಡು ದಿನ ಬಿಟ್ಟು ಸ್ಟಾಫ್ ರೂಮಿಗೆ ಕರೆದೆ. ನಾನು ಬಾಯಿ ತೆರೆಯುವ ಮೊದಲೇ ಅವಳು ಚೀಲದಿಂದ ಒಂದು ಲಕೋಟೆ ತೆಗೆದಳು. "ಸರ್, ಅತ್ತೆಗೆ ಆಫೀಸಿನಿಂದ ಬಂದದ್ದು. ಮಲಯಾಳದಲ್ಲಿದೆ, ಅವರಿಗೆ ಓದಲು ಬರುವುದಿಲ್ಲ. ನನಗೂ ಪೂರ್ತಿ ಅರ್ಥವಾಗಲಿಲ್ಲ" ಎಂದಳು. ಓದಿ ಹೇಳಿದೆ. ಮೂಲ ದಾಖಲೆಗಳೊಂದಿಗೆ ಸಂತ್ರಸ್ತೆಯನ್ನು ಖುದ್ದಾಗಿ ಹಾಜರುಪಡಿಸಬೇಕು ಎಂದಿತ್ತು. "ಅವಳನ್ನು ಎತ್ತಿಕೊಂಡೇ ಹೋಗಬೇಕಲ್ಲ ಸರ್, ಮೂವತ್ತು ವರ್ಷ ಆಯಿತು ಅವಳಿಗೆ" ಎಂದಳು. ಜೀಪು ಗೊತ್ತುಮಾಡೋಣ ಎಂದೆ. ಬರುವ ಮಂಗಳವಾರ ಹನ್ನೊಂದು ಗಂಟೆಗೆ. ನಾನು ಅರ್ಧ ದಿನದ ರಜೆ ಬರೆದು ಕೊಟ್ಟಿದ್ದೇನೆ.